ಶೃಂಗಸಭೆಯಲ್ಲಿ ನಮ್ಮವರು ಯಾರು?

2023ರ ಆಗಸ್ಟ್ ತಿಂಗಳು. ಮಳೆ ಕೈಕೊಟ್ಟಿತ್ತು. ಆಳಂದದ ಸಂಬಂಧಿಕರ ಮನೆಗೆ ಹೋಗಿದ್ದಾಗ ಐದನೇ ತರಗತಿಯ ಹುಡುಗಿಯೊಬ್ಬಳು ಸಾಮಾನ್ಯ ಜ್ಞಾನದ ಪುಸ್ತಕ ಹಿಡಿದು ನನ್ನೆದುರು ಕುಳಿತಳು. ಮರುದಿನ ಶಾಲೆಯಲ್ಲಿ ರಸಪ್ರಶ್ನೆಯಂತೆ. ಜಿ20 ಎಂದರೇನು, ಸದಸ್ಯರೆಷ್ಟು, ಈ ವರ್ಷದ ಅಧ್ಯಕ್ಷತೆ ಯಾರದು, ಘೋಷವಾಕ್ಯ ಯಾವುದು ಎಂಬುದನ್ನೆಲ್ಲ ಗಿಳಿಪಾಠದಂತೆ ಒಪ್ಪಿಸಿದಳು. ಬಳಿಕ ತಲೆಯೆತ್ತಿ, "ಅಲ್ಲಿ ನಮ್ಮವ್ರು ಯಾರ್ ಇರ್ತಾರ?" ಎಂದು ಕೇಳಿದಳು. ಪ್ರಧಾನಮಂತ್ರಿ ಇರುತ್ತಾರಲ್ಲ ಎಂದೆ. "ಅವ್ರಲ್ಲರೀ, ನಮ್ಮವ್ರು" ಎಂದಳು. ಆ ಹೊತ್ತಿಗೆ ಅವಳ ತಂದೆ ತೊಗರಿ ಹೊಲದಲ್ಲಿದ್ದರು. ಅವಳು ಯಾರನ್ನು ಕೇಳುತ್ತಿದ್ದಾಳೆಂದು ನನಗೆ ಅರ್ಥವಾಯಿತು, ಉತ್ತರ ಮಾತ್ರ ಹೊಳೆಯಲಿಲ್ಲ.

ಶೃಂಗಸಭೆ ಎಂದರೇನೆಂದು ಮಕ್ಕಳಿಗೆ ಹೇಳುವುದು ಕಷ್ಟವಲ್ಲ. ಶೃಂಗ ಎಂದರೆ ಶಿಖರ. ದೇಶ ದೇಶಗಳ ನಡುವಿನ ಮಾತುಕತೆ ಶಿಖರದಲ್ಲಿರುವವರ ನಡುವೆಯೇ ನಡೆಯಬೇಕೆಂದು 1950ರಲ್ಲಿ ಚರ್ಚಿಲ್ ಎಡಿನ್‌ಬರೋದಲ್ಲಿ ಹೇಳಿದ ಮೇಲೆ ಆ ಪದ ಈ ಅರ್ಥದಲ್ಲಿ ಬಳಕೆಗೆ ಬಂತು. 1975ರಲ್ಲಿ ಆರು ಶ್ರೀಮಂತ ರಾಷ್ಟ್ರಗಳ ನಾಯಕರು ಫ್ರಾನ್ಸಿನ ರಾಂಬುಯೆಯಲ್ಲಿ ಸೇರಿದರು. ಮರುವರ್ಷ ಕೆನಡಾ ಸೇರಿ ಅದು ಏಳಾಯಿತು. 1999ರಲ್ಲಿ ಹಣಕಾಸು ಸಚಿವರ ಕೂಟವಾಗಿ ಹುಟ್ಟಿದ ಜಿ20, ಜಗತ್ತಿನ ಬ್ಯಾಂಕುಗಳು ಕುಸಿದ 2008ರಲ್ಲಿ ನಾಯಕರ ಸಭೆಯಾಯಿತು. ನಾಯಕರು ಬರುವ ಮೊದಲೇ ಅಧಿಕಾರಿಗಳು ತಿಂಗಳುಗಟ್ಟಲೆ ಕುಳಿತು ಕರಡು ಸಿದ್ಧಪಡಿಸುತ್ತಾರೆ. ಅವರನ್ನು ಶೆರ್ಪಾ ಎನ್ನುತ್ತಾರೆ. ಪರ್ವತಾರೋಹಿಗಳ ಹೊರೆ ಹೊತ್ತು ದಾರಿ ತೋರಿಸುವವರ ಹೆಸರು ಅದು. ಮಕ್ಕಳಿಗೆ ಇದು ಬಹಳ ಇಷ್ಟವಾಗುತ್ತದೆ.

ಇಷ್ಟು ಹೇಳಿ ನಾವು, "ಮನೆಯ ಹಿರಿಯರು ಕೂತು ಮಾತಾಡುವುದಿಲ್ಲವೇ, ಹಾಗೆಯೇ ಇದೂ" ಎಂದು ಮುಗಿಸುತ್ತೇವೆ. ಹೋಲಿಕೆ ನಾವಂದುಕೊಂಡದ್ದಕ್ಕಿಂತ ಹೆಚ್ಚು ನಿಜ. ಹಿರಿಯರು ಪಡಸಾಲೆಯಲ್ಲಿ ಕುಳಿತು ಮಗಳ ಓದು ಬಿಡಿಸುವ ತೀರ್ಮಾನ ಮಾಡುತ್ತಾರೆ. ಆ ಮಗಳು ಅಡುಗೆಮನೆಯಲ್ಲಿ ಅವರಿಗೇ ಚಹಾ ಕಾಸುತ್ತಿರುತ್ತಾಳೆ. ಅವರಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ಅವಳ ಒಳಿತನ್ನೇ ಬಯಸುವವರು. ಅವಳನ್ನು ಕರೆದು ಕೇಳಬೇಕೆಂದು ಮಾತ್ರ ಯಾರಿಗೂ ತೋಚುವುದಿಲ್ಲ.

ಆಳಂದ, ಅಫಜಲಪುರ, ಜೇವರ್ಗಿಯವರಿಗೆ ಇದು ದೂರದ ಮಾತಲ್ಲ. ತೊಗರಿಯ ಕಥೆಯನ್ನೇ ನೋಡಿ. 2014 ಮತ್ತು 2015ರಲ್ಲಿ ಮಳೆ ಕಡಿಮೆಯಾಗಿ ಬೇಳೆಯ ಬೆಲೆ ಕಿಲೋಗೆ 200 ರೂಪಾಯಿಯ ಹತ್ತಿರ ಹೋಯಿತು. ಪಟ್ಟಣಗಳಲ್ಲಿ ಗೃಹಿಣಿಯರು ಬೇಳೆಯಿಲ್ಲದ ಸಾರು ಮಾಡಿದರು. ಸರಕಾರ ಏನಾದರೂ ಮಾಡಲೇಬೇಕಿತ್ತು. 2016ರ ಜುಲೈಯಲ್ಲಿ ನಮ್ಮ ಪ್ರಧಾನಿ ಮೊಜಾಂಬಿಕ್‌ನ ರಾಜಧಾನಿ ಮಾಪುಟೊಗೆ ಹೋದಾಗ ಎರಡು ದೇಶಗಳ ನಡುವೆ ದ್ವಿದಳ ಧಾನ್ಯದ ಒಪ್ಪಂದವಾಯಿತು. ಮೊದಲ ವರ್ಷ 1 ಲಕ್ಷ ಟನ್, 2020-21ರ ಹೊತ್ತಿಗೆ 2 ಲಕ್ಷ ಟನ್. ಅದೇ 2016ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ದ್ವಿದಳ ಧಾನ್ಯ ವರ್ಷವೆಂದು ಘೋಷಿಸಿತ್ತು.

ಆ ವರ್ಷ ಮಳೆ ಚೆನ್ನಾಗಿ ಬಂತು. ಬೆಲೆಯ ಆಸೆಯಿಂದ ಎಲ್ಲರೂ ತೊಗರಿ ಬಿತ್ತಿದ್ದರು. ದೇಶದ ಇಳುವರಿ ಹಿಂದಿನ ವರ್ಷದ ಸುಮಾರು 25 ಲಕ್ಷ ಟನ್ನಿನಿಂದ 48 ಲಕ್ಷ ಟನ್ ದಾಟಿತು. 2017ರ ಆರಂಭದಲ್ಲಿ ಕಲಬುರಗಿ ಮಾರುಕಟ್ಟೆಯಲ್ಲಿ ದರ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ರೈತರು ಖರೀದಿ ಕೇಂದ್ರಗಳ ಮುಂದೆ ಸಾಲು ನಿಂತರು. ಮಾಪುಟೊ ಒಪ್ಪಂದವೊಂದೇ ಬೆಲೆ ಬೀಳಿಸಿತೆಂದರೆ ತಪ್ಪಾದೀತು. ನಮ್ಮ ಹೊಲದ ಸಮೃದ್ಧಿಯೇ ದೊಡ್ಡ ಕಾರಣ. ಆದರೆ ಬೆಲೆ ಕುಸಿದಾಗಲೂ ಹೊರಗಿನ ತೊಗರಿ ಬರುತ್ತಲೇ ಇತ್ತು ಎಂಬ ನೋವು ಜೇವರ್ಗಿಯ ರೈತನಿಗೆ ಇದ್ದದ್ದು ಸುಳ್ಳಲ್ಲ.

ಕಥೆ ಇಲ್ಲಿಗೇ ನಿಂತಿದ್ದರೆ ಪರದೇಶದವರನ್ನು ಬೈದು ಸುಮ್ಮನಾಗಬಹುದಿತ್ತು. 2017ರ ಆಗಸ್ಟಿನಲ್ಲಿ ಸರಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಹಾಕಿತು. ನಮಗದು ಸಮಾಧಾನದ ಸುದ್ದಿ. ಆದರೆ ಮೊಜಾಂಬಿಕ್‌ನ ಜಾಂಬೇಜಿಯಾ, ನಾಂಪುಲಾ ಪ್ರಾಂತಗಳಲ್ಲಿ ಭಾರತವನ್ನೇ ನಂಬಿ ತೊಗರಿ ಬೆಳೆದಿದ್ದ ಸಣ್ಣ ಹಿಡುವಳಿದಾರರ ಬೆಲೆ ನೆಲಕಚ್ಚಿತು. ಅವರೂ ನಮ್ಮಂತೆಯೇ ಮಳೆಯನ್ನು ನಂಬಿದವರು. ಮಾಪುಟೊದಲ್ಲಿ ಸಹಿಯಾದಾಗ ಆಳಂದದವನನ್ನು ಯಾರೂ ಕೇಳಲಿಲ್ಲ, ದೆಹಲಿಯಲ್ಲಿ ಆದೇಶ ಹೊರಟಾಗ ಜಾಂಬೇಜಿಯಾದವನನ್ನು ಯಾರೂ ಕೇಳಲಿಲ್ಲ. ಈ ಇಬ್ಬರೂ ಎದುರುಬದುರು ಕುಳಿತಿದ್ದರೆ ಏನು ಮಾತಾಡಿಕೊಳ್ಳುತ್ತಿದ್ದರು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಬಹುಶಃ ಮೊದಲು ಹಸಿರು ಕಾಯಿಕೊರಕ ಹುಳುವಿನ ಬಗ್ಗೆ.

ಎಲ್ಲರನ್ನೂ ಕೂರಿಸಿಕೊಂಡು ಸಭೆ ನಡೆಸಲಾಗದು, ಅದಕ್ಕೇ ಪ್ರತಿನಿಧಿಗಳಿರುವುದು ಎಂದು ನೀವು ಹೇಳಬಹುದು. ಒಪ್ಪಿದೆ. ಆದರೆ ಇನ್ನೊಬ್ಬರ ಪರವಾಗಿ ಮಾತು ಕೊಡುವವನು ಆ ಇನ್ನೊಬ್ಬರ ಅಮಾನತ್ತನ್ನು ಕೈಯಲ್ಲಿ ಹಿಡಿದಿರುತ್ತಾನೆ. ಅದರ ಲೆಕ್ಕ ಒಪ್ಪಿಸಬೇಕಾದದ್ದು ಅವರಿಗೇ ಹೊರತು ಮೇಜಿನ ಎದುರು ಬದಿಯವನಿಗಲ್ಲ. ಶೃಂಗಸಭೆಗಳಲ್ಲಿ ಕಾಣೆಯಾಗಿರುವುದು ಈ ಲೆಕ್ಕವೇ. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಶ್ರೀಮಂತ ದೇಶಗಳು ಹವಾಮಾನ ಬದಲಾವಣೆಯನ್ನು ಎದುರಿಸಲು ಬಡ ದೇಶಗಳಿಗೆ 2020ರ ವೇಳೆಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆಂದವು. ಆ ಮೊತ್ತ ಮುಟ್ಟಿದ್ದು 2022ರಲ್ಲಿ. ಮಾತಿನ ಗಡುವು ತೀರಬೇಕಿದ್ದ 2020ರ ಅಕ್ಟೋಬರ್‌ನಲ್ಲೇ ಉಜನಿಯಿಂದ ಬಿಟ್ಟ ನೀರಿನಿಂದ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ನದಿದಂಡೆಯ ಜನ ಮನೆ ಬಿಟ್ಟು ಪರಿಹಾರ ಕೇಂದ್ರ ಸೇರಿದ್ದರು. ಆ ನೆರೆಗೆ ಹವಾಮಾನ ಬದಲಾವಣೆಯೇ ಕಾರಣವೆಂದು ನಾನು ಹೇಳುತ್ತಿಲ್ಲ. ಎರಡು ವರ್ಷದ ವಿಳಂಬ ಸಭಾಂಗಣದಲ್ಲಿ ಒಂದು ಅಂಕಿ, ನೀರು ನುಗ್ಗುವ ಮನೆಯಲ್ಲಿ ಎರಡು ಮಳೆಗಾಲ ಎಂದಷ್ಟೇ ಹೇಳುತ್ತಿದ್ದೇನೆ.

2023ರ ಸೆಪ್ಟೆಂಬರ್‌ನ ದೆಹಲಿ ಸಭೆಯಲ್ಲಿ ಒಂದು ಒಳ್ಳೆಯ ಕೆಲಸವಾಯಿತು. 55 ದೇಶಗಳ ಆಫ್ರಿಕನ್ ಒಕ್ಕೂಟಕ್ಕೆ ಜಿ20ರಲ್ಲಿ ಶಾಶ್ವತ ಸ್ಥಾನ ಸಿಕ್ಕಿತು. ಇಷ್ಟು ವರ್ಷ ಆ ಖಂಡದಿಂದ ದಕ್ಷಿಣ ಆಫ್ರಿಕಾ ಒಂದೇ ಸದಸ್ಯನಾಗಿತ್ತು. ಆಳಂದದ ಹುಡುಗಿಯ ಪುಸ್ತಕದ ಉತ್ತರ ಒಂದೇ ತಿಂಗಳಲ್ಲಿ ಹಳತಾಯಿತು.

ನಮ್ಮ ರಾಜ್ಯದಲ್ಲಿ ಇನ್ನೊಂದು ಸಭೆಯಿದೆ, ಅದನ್ನು ಯಾವ ಸಾಮಾನ್ಯ ಜ್ಞಾನದ ಪುಸ್ತಕವೂ ಕೇಳುವುದಿಲ್ಲ. 2006ರಿಂದ ಗ್ರಾಮ ಪಂಚಾಯತುಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಸರಕಾರಿ ಆದೇಶವಿದೆ. ಶೌಚಾಲಯದ ಬಾಗಿಲು, ಶಾಲೆಗೆ ಬಾರದ ಬಸ್ಸು, ಗುಳೆ ಹೋದ ಮನೆಯ ಮಗುವಿನ ಹಾಜರಿ ಇವೆಲ್ಲ ಅಲ್ಲಿ ಮಾತಿಗೆ ಬರಬೇಕು. ಕಾಟಾಚಾರಕ್ಕೆ ನಡೆಯುವ ಕಡೆಗಳೂ ಇವೆ. ಹಾರ, ಭಾಷಣ, ಬಿಸ್ಕಿಟ್ ಹಂಚಿ ಮುಗಿಸುತ್ತಾರೆ. ಚೆನ್ನಾಗಿ ನಡೆದಲ್ಲಿ ಮಾತ್ರ ಕಳೆದ ವರ್ಷ ಕೇಳಿದ್ದೇನಾಯಿತು ಎಂದು ಮಗುವೊಂದು ಎದ್ದು ನಿಂತು ಕೇಳುತ್ತದೆ, ಅಧ್ಯಕ್ಷರು ಉತ್ತರ ಹುಡುಕುತ್ತಾ ಕಾರ್ಯದರ್ಶಿಯ ಮುಖ ನೋಡುತ್ತಾರೆ.

ಆ ಹುಡುಗಿಗೆ ನಾನು ಇದನ್ನೇ ಹೇಳಿದೆ. ನಿಮ್ಮೂರ ಸಭೆ ಯಾವಾಗ ಎಂದು ಶಾಲೆಯಲ್ಲಿ ಕೇಳಿ ನೋಡು ಎಂದೆ. ರಸಪ್ರಶ್ನೆಯಲ್ಲಿ ಇದು ಬರುತ್ತದೆಯೇ ಎಂದು ಕೇಳಿದಳು. ಇಲ್ಲ ಎಂದೆ. ಪುಸ್ತಕ ಮಡಚಿಟ್ಟು, ತಂದೆಗೆ ಬುತ್ತಿ ಒಯ್ಯಲು ಎದ್ದು ಹೋದಳು.