ಬಾಗಿಲು ತೆರೆದವಳು

ಬೈಕ್ ರಿಪೇರಿಯ ಬಿಲ್ಲಿನ ಬಗ್ಗೆ ಬರೆಯುವ ದಿನ ಬರುತ್ತದೆಂದು ನಾನು ಎಣಿಸಿರಲಿಲ್ಲ. ನಮ್ಮ ಮನೆಯಲ್ಲಿ ಬೈಕೇ ಇಲ್ಲ. ಇರುವುದೊಂದು ಕಾರು. ಅದನ್ನು ಓಡಿಸುವವರು ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಯಜಮಾನರು. ನನಗೆ ಡ್ರೈವಿಂಗ್ ಬಾರದು. ಆದರೆ ಅಪಘಾತ ಮಾಡಲು ಡ್ರೈವಿಂಗ್ ಬರಬೇಕೆಂದೇನೂ ಇಲ್ಲ, ಬಾಗಿಲು ತೆರೆಯಲು ಬಂದರೆ ಸಾಕು.

ಕಳೆದ ಮೇ ತಿಂಗಳಿನಲ್ಲಿ ಕಾರ್ಕಳದಲ್ಲಿ ನಂಟರ ಮನೆಯ ಮದುವೆ. ಅತ್ತೆಯವರಿಗೆ ಮಂಡಿನೋವು, ಕಾಲು ಚಾಚಲು ಬೇಕೆಂದು ಅವರು ಮುಂದಿನ ಸೀಟಿನಲ್ಲಿ ಕೂತಿದ್ದರು. ನಾನು ಹಿಂದೆ, ಯಜಮಾನರ ಬೆನ್ನಿಗೆ. ನನ್ನ ಎಡಕ್ಕೆ ಉಡುಗೊರೆಯ ಪೊಟ್ಟಣ, ಸೀರೆಯ ಚೀಲ. ಮಣಿಪಾಲ ದಾಟಿ ಪರ್ಕಳ ಪೇಟೆಗೆ ಬರುವಾಗ ಮಲ್ಲಿಗೆ ಮರೆತದ್ದು ನೆನಪಾಯಿತು. ಶಂಕರಪುರ ಮಲ್ಲಿಗೆ ಮುಡಿಯದೆ ನಮ್ಮ ಕಡೆ ಯಾರು ಮದುವೆಗೆ ಹೋಗುತ್ತಾರೆ? "ಇಲ್ಲೇ ಸ್ವಲ್ಪ ನಿಲ್ಲಿಸಿ" ಎಂದೆ. ಕಾರು ನಿಂತದ್ದೇ ತಡ, ರಸ್ತೆಯ ಕಡೆಯ ಬಾಗಿಲನ್ನು ಅಗಲಕ್ಕೆ ತೆರೆದೆ. ಹಿಂದೆ ನೋಡಲಿಲ್ಲ.

ಸದ್ದು ದೊಡ್ಡದೇನಲ್ಲ. ಅಡುಗೆಮನೆಯಲ್ಲಿ ತಾಮ್ರದ ಕೊಡಪಾನ ಬಿದ್ದಷ್ಟು. ನೋಡಿದರೆ ಬೈಕ್ ಮಲಗಿದೆ, ಹುಡುಗ ಆಚೆ ಬಿದ್ದಿದ್ದಾನೆ, ಅವನ ಚೀಲದಿಂದ ಇಕ್ಕಳ, ಸ್ಕ್ರೂಡ್ರೈವರ್, ವಯರಿನ ಸುರುಳಿ ಎಲ್ಲ ರಸ್ತೆಗೆ ಚೆಲ್ಲಿವೆ. ಮನೆ ವಯರಿಂಗ್ ಮಾಡುವ ಹುಡುಗ. ಹೆಲ್ಮೆಟ್ ಹಾಕಿದ್ದ, ದೇವರು ದೊಡ್ಡವನು. ಅಂಗೈ, ಮೊಣಕಾಲು ತರಚಿದ್ದು ಬಿಟ್ಟರೆ ಬೇರೆ ಪೆಟ್ಟಿಲ್ಲ.

ಜನ ಸೇರಿದರು. ನಾನು ಬಾಯಿ ತೆರೆಯುವ ಮೊದಲೇ ತೀರ್ಪು ಬಂದಿತ್ತು. "ಈ ಹುಡುಗರೇ ಹೀಗೆ ಮಾರಾಯ್ರೆ, ರಸ್ತೆಯಲ್ಲಿ ವಿಮಾನ ಬಿಡುತ್ತಾರೆ" ಎಂದರು ಒಬ್ಬರು. "ನೋಡಿಕೊಂಡು ಬರಬಾರದಾ?" ಎಂದರು ಯಜಮಾನರು. ಹುಡುಗ ಎದ್ದು, ಹೆಲ್ಮೆಟ್ ತೆಗೆದು, ಏನೋ ಜೋರಾಗಿ ಹೇಳಲು ಹೊರಟವನು ನನ್ನ ಮುಖ ನೋಡಿ ನಿಲ್ಲಿಸಿಬಿಟ್ಟ. "ಟೀಚರ್ ಅಲ್ವಾ? ಕಾಪು ಶಾಲೆಯಲ್ಲಿ ನನ್ನ ಅಕ್ಕ ನಿಮ್ಮ ಕ್ಲಾಸಿನಲ್ಲಿ ಇದ್ದಳು. ಪರವಾಗಿಲ್ಲ ಟೀಚರ್."

ಯಜಮಾನರು ಐನೂರು ರೂಪಾಯಿ ಅವನ ಕೈಗಿತ್ತರು. ಮುಹೂರ್ತಕ್ಕೆ ಹೊತ್ತಾಗಿತ್ತು, ಹೊರಟೆವು. ಹಿರಿಯಡ್ಕ ದಾಟುವವರೆಗೂ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಮಲ್ಲಿಗೆ ಕೊಳ್ಳಲೇ ಇಲ್ಲ.

ಆ "ಪರವಾಗಿಲ್ಲ ಟೀಚರ್" ನನ್ನನ್ನು ಬಿಡಲಿಲ್ಲ. ಮೂವತ್ತು ವರ್ಷ ಪಾಠ ಮಾಡಿ ಗಳಿಸಿದ ಮರ್ಯಾದೆಯಿಂದ ಆ ಹುಡುಗನ ಬಾಯಿ ಮುಚ್ಚಿಸಿದಂತಾಯಿತು. ನಾನು ಅವನ ಪರಿಚಯದವಳಾಗಿರದಿದ್ದರೆ ಅವನು ಜಗಳವಾಡುತ್ತಿದ್ದ, ಆಗ ನ್ಯಾಯದ ಮಾತೂ ಬರುತ್ತಿತ್ತೇನೋ.

ಸ್ಟಾಫ್ ರೂಮಿನಲ್ಲಿ ಹೇಳಿದಾಗ ಒಬ್ಬೊಬ್ಬರದು ಒಂದೊಂದು ಶಾಸ್ತ್ರ. ದೊಡ್ಡ ಗಾಡಿಯವನದೇ ತಪ್ಪು, ಅವನೇ ಕೊಡಬೇಕು ಎಂದು ಒಬ್ಬರು. ಹಿಂದಿನಿಂದ ಬಂದು ಗುದ್ದಿದವನದೇ ತಪ್ಪು ಎಂದು ಇನ್ನೊಬ್ಬರು. ಅವರವರದು ಅವರವರು ಮಾಡಿಸಿಕೊಂಡರೆ ತಕರಾರೇ ಇಲ್ಲ ಎಂದರು ಗಣಿತದವರು. ಕೇಳಲು ಇದು ಸಮಪಾಲಿನಂತೆ ಇದೆ. ಆದರೆ ಕಾರಿನವನಿಗೆ ರಿಪೇರಿ ಎಂದರೆ ಒಂದು ತಲೆನೋವು, ವಯರಿಂಗಿನ ಹುಡುಗನಿಗೆ ಅದು ಅನ್ನದ ಪ್ರಶ್ನೆ.

ಕಾನೂನು ಏನನ್ನುತ್ತದೆಂದೂ ನೋಡಿದೆ. 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂತು. ರಸ್ತೆಗಿಳಿಯುವ ಖಾಸಗಿ ವಾಹನಕ್ಕೆ ಥರ್ಡ್ ಪಾರ್ಟಿ ವಿಮೆ ಇರಲೇಬೇಕು. ನಮ್ಮ ವಾಹನದಿಂದ ಪರರ ಜೀವಕ್ಕೋ ಸೊತ್ತಿಗೋ ಆದ ನಷ್ಟಕ್ಕೆ ಅದು. ಕಾರುಗಳ ಪಾಲಿಸಿಯಲ್ಲಿ ಪರರ ಸೊತ್ತಿನ ನಷ್ಟಕ್ಕೆ ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ ರಕ್ಷಣೆ ಇರುತ್ತದೆ. ಹಾಗಾದರೆ ಹುಡುಗನ ಬೈಕು ನಮ್ಮ ಕಂಪನಿಯ ದುಡ್ಡಿನಲ್ಲಿ ಸರಿಯಾಗಬೇಕಿತ್ತಲ್ಲ? ಆಗಬಹುದಿತ್ತು. ಅದಕ್ಕೆ ಅವನು ಪೊಲೀಸರಿಗೆ ದೂರು ಕೊಟ್ಟು, ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿ, ತಪ್ಪು ನಮ್ಮದೆಂದು ತೋರಿಸಬೇಕು. ಕೆಲವು ಸಾವಿರಕ್ಕಾಗಿ ಯಾರು ಕೆಲಸ ಬಿಟ್ಟು ಕೋರ್ಟಿನ ಜಗಲಿಯಲ್ಲಿ ಕೂರುತ್ತಾರೆ? ಹಾಗಾಗಿ ಇಂಥ ಸಣ್ಣ ಲೆಕ್ಕಗಳೆಲ್ಲ ರಸ್ತೆಯ ಬದಿಯಲ್ಲೇ, ದೊಡ್ಡ ದನಿಯವರ ಪರವಾಗಿ ಚುಕ್ತಾ ಆಗುತ್ತವೆ.

ನಮ್ಮ ಬಾಗಿಲು ಮಾತ್ರ ಹದಿನೈದು ದಿನದಲ್ಲಿ ಹೊಸದರಂತೆ ಹೊಳೆಯಿತು. ನಮ್ಮ ಪಾಲಿಸಿಯಲ್ಲಿ ಸ್ವಂತ ಕಾರಿನ ನಷ್ಟವೂ ಸೇರಿತ್ತು. ಕ್ಲೇಮು ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಯಜಮಾನರು ಕೂಡಿಸಿ ಕಳೆದು, ಆದರೂ ಲಾಭವೇ ಎಂದು ಅರ್ಜಿ ತುಂಬಿದರು. ಅಪಘಾತದ ವಿವರ ಎಂಬಲ್ಲಿ ಬರೆದದ್ದು ಇಷ್ಟು: "ನಿಂತಿದ್ದ ಕಾರಿಗೆ ಹಿಂದಿನಿಂದ ಬಂದ ಬೈಕ್ ಡಿಕ್ಕಿ ಹೊಡೆಯಿತು."

ನಾನು ಕನ್ನಡ ಟೀಚರ್. ಎಂಟನೆಯ ತರಗತಿಯ ಮಕ್ಕಳಿಗೆ ಕರ್ತೃ, ಕರ್ಮ, ಕ್ರಿಯಾಪದ ಗುರುತಿಸಲು ಕಲಿಸಿ ಕಲಿಸಿ ದನಿ ಒಡೆದವಳು. ಆ ವಾಕ್ಯವನ್ನು ಎಷ್ಟು ಸಲ ಓದಿದರೂ ಒಂದು ಪದ ಸುಳ್ಳು ಸಿಗಲಿಲ್ಲ. ಕಾರು ನಿಂತಿತ್ತು, ಹೌದು. ಬೈಕ್ ಹಿಂದಿನಿಂದ ಬಂತು, ಹೌದು. ಡಿಕ್ಕಿಯೂ ಆಯಿತು. ಆದರೆ ಕರ್ತೃವಿನ ಜಾಗದಲ್ಲಿ ಬೈಕ್ ಕೂತಿದೆ. ಬಾಗಿಲು ತೆರೆದವಳು ವಾಕ್ಯದಲ್ಲಿ ಎಲ್ಲಿಯೂ ಇಲ್ಲ.

ಕೇಳಿದ್ದಕ್ಕೆ ಅವರು ಪಾಲಿಸಿಯ ಸಣ್ಣ ಅಕ್ಷರಗಳನ್ನು ತೋರಿಸಿದರು. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ಹಣ ಕೊಡುತ್ತೇನೆಂದು ಮಾತು ಕೊಡಬಾರದು ಎಂದು ಷರತ್ತು ಇರುವುದು ನಿಜ. ಕಂಪನಿಯ ದೃಷ್ಟಿಯಿಂದ ಅದಕ್ಕೆ ಅರ್ಥವೂ ಇದೆ. ದುಡ್ಡು ಅವರದು, ನಾವು ಉದಾರಿಗಳಾಗಿ ಊರಿಗೆಲ್ಲ ಮಾತು ಕೊಟ್ಟರೆ ಅವರೇನು ಮಾಡಬೇಕು? ಆದರೆ ಹಣದ ಭದ್ರತೆಗಾಗಿ ಬರೆದ ಷರತ್ತು ನಾಲಗೆಗೂ ಬೀಗವಾದದ್ದು ನನಗೆ ಒಪ್ಪಿಗೆಯಾಗಲಿಲ್ಲ. "ಮಾತು ಬಿಡ ಮಂಜುನಾಥ, ಕಾಸು ಬಿಡ ತಿಮ್ಮಪ್ಪ" ಎಂದು ಹೇಳುತ್ತ ಬೆಳೆದವರು ನಾವು. ಪರ್ಕಳದಲ್ಲಿ ನಾನು ಕಾಸನ್ನೂ ಉಳಿಸಿಕೊಂಡೆ, ಮಾತನ್ನೂ ಉಳಿಸಿಕೊಂಡೆ.

"ಗಂಡಸರು ಮಾತಾಡಿ ಮುಗಿಸಿದ ವಿಷಯ, ನೀನ್ಯಾಕೆ ಕೆದಕುತ್ತೀ?" ಎಂದರು ಅತ್ತೆ. ಅವರಿಗೆ ಎದುರಾಡಿದವಳಲ್ಲ ನಾನು. ಆದರೆ ಯೋಚಿಸಿ ನೋಡಿ. ನನ್ನ ಸಂಬಳ ತಿಂಗಳು ತಿಂಗಳು ಮನೆಗೆ ಬರುತ್ತದೆ, ಅಕ್ಕಿ, ಲೈಟು ಬಿಲ್ಲು, ಮಗಳ ಫೀಸು ಎಂದು ಹೋಗುತ್ತದೆ. ಅದರಲ್ಲಿ ಸೀರೆ ಕೊಳ್ಳಲು ನನಗೆ ಯಾರನ್ನೂ ಕೇಳಬೇಕಾಗಿಲ್ಲ. ಸ್ವಂತ ತಪ್ಪಿನ ಬಿಲ್ಲು ಕಟ್ಟಲು ಮಾತ್ರ ಕೇಳಬೇಕೆ? ಮನೆಯ ಗಂಡಸರು ನಮ್ಮನ್ನು ಕಾಪಾಡುತ್ತಾರೆ, ಸಂತೋಷ. ತಪ್ಪಿನಿಂದ ಕಾಪಾಡುವಾಗ ನಮ್ಮನ್ನು ಎಳೆಯ ಮಕ್ಕಳ ಸಾಲಿನಲ್ಲಿ ಕೂರಿಸಿರುತ್ತಾರೆ ಎಂಬುದು ನನಗೆ ಗೊತ್ತಾಗಲು ಐವತ್ತು ದಾಟಬೇಕಾಯಿತು.

ಹಳೆಯ ಹಾಜರಿ ಪುಸ್ತಕ ಬೇಕಾಗಲಿಲ್ಲ, ಅಕ್ಕನ ಮನೆ ಕಾಪುವಿನಲ್ಲಿ ಎಲ್ಲರಿಗೂ ಗೊತ್ತು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಹೋದೆ. ತಾಯಿ ಗಡಿಬಿಡಿಯಲ್ಲಿ ಕುರ್ಚಿ ಒರೆಸಿದರು, ಬೆಲ್ಲ, ನೀರು ತಂದಿಟ್ಟರು. ಹುಡುಗನ ಬೈಕು ಹಳೆಯದು, ಥರ್ಡ್ ಪಾರ್ಟಿ ವಿಮೆ ಮಾತ್ರ. ಅದು ಅವನ ಸ್ವಂತ ಬೈಕಿನ ರಿಪೇರಿಗೆ ಕಾಸು ಕೊಡುವುದಿಲ್ಲ. ಫೋರ್ಕ್ ಬಾಗಿತ್ತು, ಹೆಡ್‌ಲೈಟ್, ಹ್ಯಾಂಡಲ್, ಇಂಡಿಕೇಟರ್ ಹೋಗಿತ್ತು. ಬಿಲ್ಲು 6,850 ರೂಪಾಯಿ. ಹನ್ನೆರಡು ದಿನ ಬೈಕು ಗ್ಯಾರೇಜಿನಲ್ಲಿ ಇದ್ದಾಗ ಚೀಲ ಹೊತ್ತುಕೊಂಡು ಬಸ್ಸಿನಲ್ಲಿ ತಿರುಗಿದ್ದಾನೆ. ಎರಡು ಮನೆಯ ಕೆಲಸ ಬೇರೆಯವರ ಪಾಲಾಗಿದೆ. ಇದನ್ನು ಹೇಳಿದ್ದು ತಾಯಿ, ಅವನಲ್ಲ.

"ತಪ್ಪು ನನ್ನದೇ. ಹಿಂದೆ ನೋಡದೆ ಬಾಗಿಲು ತೆರೆದೆ" ಎಂದೆ. ಇಷ್ಟು ಹೇಳಲು ಬಸ್ಸಿನಲ್ಲಿ ಎಷ್ಟು ಸಲ ಅಭ್ಯಾಸ ಮಾಡಿದ್ದೆನೋ! ತಾಯಿ ತುಳುವಿನಲ್ಲಿ, ಇವನೂ ಸ್ವಲ್ಪ ಜೋರಾಗಿಯೇ ಬರುತ್ತಿದ್ದನಂತೆ ಟೀಚರ್, ಎಂದರು. ಅವನು ತಲೆ ತಗ್ಗಿಸಿ ನಕ್ಕ. ಅದೂ ನಿಜವಿರಬಹುದು. ಆದರೆ ಅವನ ಪಾಲಿನ ತಪ್ಪನ್ನು ಹೇಳಬೇಕಾದವಳು ನಾನಲ್ಲ.

ಏಳು ಸಾವಿರ ಕೊಡಹೋದೆ. ಹೋದ ಕೆಲಸಕ್ಕೂ ಸ್ವಲ್ಪ ಇರಲಿ ಎಂದೆ. ಅವನು ಒಪ್ಪಲಿಲ್ಲ. ಒಳಗೆ ಹೋಗಿ ಚಿಲ್ಲರೆ ತಂದು, ಬಿಲ್ಲಿನ ಹಿಂದೆ ಪೆನ್ಸಿಲಿನಿಂದ ಲೆಕ್ಕ ಬರೆದ. ಅಂದು ಕೊಟ್ಟ ಐನೂರು ಕಳೆದು 6,350 ಇಟ್ಟುಕೊಂಡು, ಉಳಿದದ್ದನ್ನು ನನ್ನ ಕೈಗಿತ್ತ.

ಮನೆಯ ಖರ್ಚಿನ ಪುಸ್ತಕ ಬರೆಯುವವಳು ನಾನೇ. ಅಂದು ರಾತ್ರಿ ಹಾಲು, ತರಕಾರಿಯ ಕೆಳಗೆ "ಬೈಕ್ ರಿಪೇರಿ 6,350" ಎಂದು ಬರೆದೆ. ತಿಂಗಳ ಕೊನೆಗೆ ಯಜಮಾನರು ಕನ್ನಡಕ ಏರಿಸಿ ಪುಸ್ತಕ ನೋಡಿದರು. "ನಮ್ಮಲ್ಲಿ ಬೈಕೇ ಇಲ್ಲವಲ್ಲ" ಎಂದರು.

"ಇಲ್ಲ" ಎಂದೆ. ಅವರು ಸ್ವಲ್ಪ ಹೊತ್ತು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. ಆಮೇಲೆ ಕೂಡಿಸುವುದನ್ನು ಮುಂದುವರಿಸಿದರು.