ಉಪ್ಪಿನ ಋಣ

ಉಂಡು ಹಣ ಕೊಟ್ಟು ಹೊರಬಂದವನ ಮೇಲೆ ಅಡಿಗೆ ಮಾಡಿದವನ ಋಣವೇನಾದರೂ ಉಳಿದಿರುತ್ತದೆಯೆ? ಹೋಟೆಲುಗಳ ಈ ಕಾಲದಲ್ಲಿ ಇದು ಕೇಳಬಾರದ ಪ್ರಶ್ನೆಯೆಂದು ಕೆಲವರಿಗೆ ತೋರಬಹುದು. ಸರಕು ಒಂದು ತಟ್ಟೆಯಲ್ಲಿ, ಬೆಲೆ ಇನ್ನೊಂದು ತಟ್ಟೆಯಲ್ಲಿ. ತಕ್ಕಡಿ ಸಮನಾದ ಮೇಲೆ ಉಳಿಯುವುದೇನು? ಆದರೆ ನಮ್ಮ ಹಿರಿಯರು ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎಂದರೇ ಹೊರತು, ಉಪ್ಪಿನ ಬೆಲೆಯನ್ನು ಕೊಟ್ಟು ಮರೆತುಬಿಡು ಎನ್ನಲಿಲ್ಲ. ಆ ಮಾತು ಹಣ ಪಡೆಯದೆ ಉಣಿಸುತ್ತಿದ್ದ ಮನೆಗಳಿಗೆ ಮಾತ್ರ ಸಲ್ಲುವುದೋ, ಹಣ ತೆತ್ತು ಉಣ್ಣುವ ನಮಗೂ ಸಲ್ಲುವುದೋ ಎಂಬುದನ್ನು ಇಲ್ಲಿ ವಿಚಾರಿಸೋಣ. ವಿಚಾರವು ಗಾಳಿಯಲ್ಲಿ ತೇಲಿಹೋಗದಂತೆ ಒಂದು ನಿದರ್ಶನವನ್ನು ಹಿಡಿದುಕೊಳ್ಳುವುದು ಒಳ್ಳೆಯದು. ದಿಲ್ಲಿಯಲ್ಲಿ ದೊರೆಯುವ ಆಫ್ಘನರ ಕಬಾಬೇ ನಮ್ಮ ನಿದರ್ಶನ.

ನೀಲಗಿರಿಯ ಕನ್ನಡಿಗರಿಗೂ ಕಾಬೂಲಿನ ಕಬಾಬಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಉದ್ಯೋಗಕ್ಕೆಂದೋ ಮಕ್ಕಳ ವಿದ್ಯಾಭ್ಯಾಸಕ್ಕೆಂದೋ ನಮ್ಮವರು ದಿಲ್ಲಿಗೆ ಹೋಗಿಬರುವುದುಂಟು. ಅಲ್ಲಿನ ಲಾಜಪತ್ ನಗರದಲ್ಲಿಯೂ ಅದಕ್ಕೆ ಸಮೀಪದ ಜಂಗಪುರ, ಭೋಗಲ್‌ಗಳಲ್ಲಿಯೂ ಆಫ್ಘನರ ಭೋಜನಶಾಲೆಗಳಿವೆ. ಹುಡುಕುವವನಿಗೆ ಹೆಚ್ಚಿನ ಗುರುತು ಬೇಕಾಗಿಲ್ಲ: ಫಾರಸಿ ಲಿಪಿಯ ಫಲಕಗಳು, ಒಲೆಯಿಂದ ಉದ್ದನೆಯ ನಾನ್ ರೊಟ್ಟಿಯನ್ನು ತೆಗೆದು ಜೋಡಿಸುವ ಅಂಗಡಿ, ಇದ್ದಿಲ ಕೆಂಡದ ಮೇಲೆ ಕರಗುವ ಕೊಬ್ಬಿನ ಕಂಪು, ಇಷ್ಟು ಸಾಕು. ಮಾಂಸವನ್ನು ಮುಟ್ಟದ ವಾಚಕರೂ ನಮ್ಮಲ್ಲಿ ಅನೇಕರಿದ್ದಾರೆ. ಅವರು ಕಬಾಬಿನ ಬದಲು ಆ ರೊಟ್ಟಿಯನ್ನೇ ನೆನೆದರೂ ವಾದಕ್ಕೆ ಕುಂದಿಲ್ಲ. ನಮ್ಮ ಪ್ರಶ್ನೆ ಮಾಂಸದ್ದಲ್ಲ, ಉಪ್ಪಿನದು.

ಈ ಕಬಾಬು ನಮ್ಮ ಪೇಟೆಗಳಲ್ಲಿ ಅದೇ ಹೆಸರಿನಿಂದ ಮಾರಾಟವಾಗುವ, ಕೆಂಪು ಬಣ್ಣ ಕಲಸಿ ಎಣ್ಣೆಯಲ್ಲಿ ಕರಿದ ಕೋಳಿಯ ತುಂಡಲ್ಲ. ಕುರಿಯ ಮಾಂಸದ ತುಂಡುಗಳನ್ನು ಚಪ್ಪಟೆಯಾದ ಕಬ್ಬಿಣದ ಸಲಾಕೆಗೆ ಪೋಣಿಸುವಾಗ ನಡುನಡುವೆ ಕೊಬ್ಬಿನ ತುಂಡನ್ನು ಸೇರಿಸುತ್ತಾರೆ. ಕೆಂಡದ ಮೇಲೆ ಕೊಬ್ಬು ಕರಗಿ ಪಕ್ಕದ ಮಾಂಸವನ್ನು ಒಣಗಗೊಡದೆ ಕಾಯುತ್ತದೆ. ಮಸಾಲೆ ಅತ್ಯಲ್ಪ: ಉಪ್ಪು, ಬೆಳ್ಳುಳ್ಳಿ, ಮೆಣಸು, ಕೆಲವರು ಕಾಯಿದ್ರಾಕ್ಷಿಯನ್ನು ಒಣಗಿಸಿ ಕುಟ್ಟಿದ ಹುಳಿಪುಡಿಯನ್ನು ಉದುರಿಸುತ್ತಾರೆ. ಕೊತ್ತುಂಬರಿ ಬೀಜವನ್ನು ತರಿತರಿಯಾಗಿ ಜಜ್ಜಿ ಕೊಚ್ಚಿದ ಮಾಂಸದಲ್ಲಿ ಕಲಸಿ, ಅಂಗೈಯಗಲ ತಟ್ಟಿ ಬೇಯಿಸುವ ಚಪ್ಲಿ ಕಬಾಬು ಇನ್ನೊಂದು ಬಗೆ. ಅದು ಪೇಶಾವರದ ಕಡೆಯ ಪಷ್ತೂನರ ನಾಡಿನದು. ಜೊತೆಗೆ ನಾನ್, ಈರುಳ್ಳಿ, ಮೊಸರು. ಕೊನೆಯಲ್ಲಿ ಏಲಕ್ಕಿಯ ಹಸಿರು ಚಹ. ಅಬ್ಬರವಿಲ್ಲದ ಊಟ. ಬಾಯಿಯನ್ನು ಬೆರಗುಗೊಳಿಸುವ ಹಟ ಅದಕ್ಕಿಲ್ಲ. ಹಸಿದವನನ್ನು ಕೂರಿಸಿ ತಣಿಸುವ ಮನಸ್ಸಿದೆ.

ಈ ಊಟ ದಿಲ್ಲಿಗೆ ಬಂದ ದಾರಿ ಮಾತ್ರ ತಣ್ಣಗಿನದಲ್ಲ. ೧೯೭೯ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಆಫ್ಘಾನಿಸ್ಥಾನವನ್ನು ಹೊಕ್ಕಿತು. ೧೯೯೨ರಲ್ಲಿ ನಜೀಬುಲ್ಲಾರ ಸರಕಾರ ಬಿದ್ದ ಮೇಲೆ ಅಂತರ್ಯುದ್ಧ ಕಾಬೂಲನ್ನು ಸುಟ್ಟಿತು. ೧೯೯೬ರಲ್ಲಿಯೂ ಮತ್ತೆ ೨೦೨೧ರ ಆಗಸ್ಟಿನಲ್ಲಿಯೂ ತಾಲಿಬಾನರು ನಗರವನ್ನು ವಶಪಡಿಸಿಕೊಂಡರು. ಪ್ರತಿಯೊಂದು ಅಲೆಯೂ ಒಂದಷ್ಟು ಕುಟುಂಬಗಳನ್ನು ದಿಲ್ಲಿಗೆ ತಂದು ಬಿಟ್ಟಿತು. ಮುಸಲ್ಮಾನರು ಬಂದರು, ಹಾಗೆಯೇ ತಲೆಮಾರುಗಳಿಂದ ಅಲ್ಲಿ ಬಾಳಿದ ಹಿಂದೂಗಳೂ ಸಿಖ್ಖರೂ ಬಂದರು. ನಿರಾಶ್ರಿತರನ್ನು ಕುರಿತ ೧೯೫೧ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಅವರಿಗಾಗಿ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ವಿಶ್ವಸಂಸ್ಥೆಯ ಕಚೇರಿ ಕೊಡುವ ಒಂದು ಗುರುತಿನ ಚೀಟಿಯ ಬಲದಿಂದ ವರ್ಷಾನುವರ್ಷ ಕಳೆಯುವವರಿದ್ದಾರೆ. ವಿಚಿತ್ರವೆಂದರೆ, ಲಾಜಪತ್ ನಗರವೇ ೧೯೪೭ರ ವಿಭಜನೆಯಲ್ಲಿ ಮನೆ ಕಳೆದುಕೊಂಡವರಿಗಾಗಿ ಏರ್ಪಟ್ಟ ಬಡಾವಣೆ. ಒಂದು ತಲೆಮಾರಿನ ನಿರಾಶ್ರಿತರು ಕಟ್ಟಿದ ಗೋಡೆಗಳ ನಡುವೆ ಇನ್ನೊಂದು ತಲೆಮಾರಿನ ನಿರಾಶ್ರಿತರು ಒಲೆ ಹೂಡಿದ್ದಾರೆ.

ಇಲ್ಲಿ ನಮ್ಮ ಪ್ರಶ್ನೆ ಗಂಭೀರವಾಗುತ್ತದೆ. ನಾಡಿನ ಲೆಕ್ಕದಲ್ಲಿ ನಾವು ಮನೆಯವರು, ಆತ ಅತಿಥಿ. ಊಟದ ಮೇಜಿನ ಮುಂದೆ ಆತ ಮನೆಯವನು, ನಾವು ಅತಿಥಿಗಳು. ತನ್ನದೆಂಬ ಮನೆಯಿಲ್ಲದವನು ಮನೆಯುಳ್ಳವನನ್ನು ಕೂರಿಸಿ ಉಣಿಸುತ್ತಾನೆ. ಪಷ್ತೂನರ ನಡೆವಳಿಕೆಯಲ್ಲಿ ಎರಡು ಧರ್ಮಗಳಿಗೆ ಹಿರಿದಾದ ಸ್ಥಾನವಿದೆ. ಬಂದವನನ್ನು ಪ್ರತಿಫಲ ಬಯಸದೆ ಸತ್ಕರಿಸುವುದು ‘ಮೇಲ್ಮಸ್ತಿಯಾ’. ಶರಣು ಬೇಡಿ ಹೊಸ್ತಿಲು ದಾಟಿದವನನ್ನು, ಅವನು ಹಗೆಯಾದರೂ, ಕಾಯುವುದು ‘ನನವಾತಯ್’. ಅತಿಥಿಯನ್ನು ದೇವರೆಂದ ನಮ್ಮ ಪರಂಪರೆಗೂ, ದಾಸೋಹವನ್ನು ಧರ್ಮವೆಂದ ಶರಣರ ನಾಡಿಗೂ ಈ ಭಾವನೆ ಪರಕೀಯವಲ್ಲ. ಆಫ್ಘನನು ತನ್ನ ಮೊದಲನೆಯ ಧರ್ಮವನ್ನು ದಿಲ್ಲಿಯ ಗಲ್ಲಿಯಲ್ಲಿಯೂ ನಡೆಸುತ್ತಿದ್ದಾನೆ, ಬೆಲೆ ಪಡೆದೇ ಆಗಲಿ. ಎರಡನೆಯದನ್ನು ನಡೆಸಬೇಕಾದವರು ನಾವು. ಆ ಸರದಿ ನಮ್ಮದೆಂಬುದು ಬಿಲ್ಲಿನಲ್ಲಿ ಬರೆದಿರುವುದಿಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದುಂಟು. ಅದನ್ನು ಮರೆಮಾಚುವುದು ನ್ಯಾಯವಲ್ಲ. ಬೆಲೆ ಎಂಬುದು ಮನುಷ್ಯನನ್ನು ಬಿಡುಗಡೆ ಮಾಡಿದ ಸಾಧನ. ಹಣ ಕೊಟ್ಟು ಉಣ್ಣುವಲ್ಲಿ ನಿನ್ನ ಕುಲ ಯಾವುದೆಂದು ಯಾರೂ ಕೇಳುವುದಿಲ್ಲ, ಕೈಚಾಚಿ ನಿಲ್ಲಬೇಕಾದುದಿಲ್ಲ. ಋಣವೆಂಬ ಹೆಸರಿನಲ್ಲಿ ಎಷ್ಟೋ ತಲೆಮಾರುಗಳನ್ನು ಕಟ್ಟಿಹಾಕಿದ್ದುಂಟು. ನಮ್ಮ ಬೆಟ್ಟಗಳಲ್ಲಿಯೇ ನೋಡಬಹುದು. ಹಿಂದೆ ತೊದವರು ತುಪ್ಪವನ್ನೂ, ಬಡಗರು ಧಾನ್ಯವನ್ನೂ, ಕೋತರು ಮಡಕೆ, ಕಬ್ಬಿಣದ ಸಾಮಾನುಗಳನ್ನೂ ವಾದ್ಯದ ಮೇಳವನ್ನೂ, ಕುರುಂಬರು ಕಾಡಿನ ಉತ್ಪನ್ನವನ್ನೂ ಮಂತ್ರರಕ್ಷೆಯನ್ನೂ ಪರಸ್ಪರ ಕೊಟ್ಟು ಪಡೆಯುತ್ತಿದ್ದರು. ಮನೆತನಕ್ಕೂ ಮನೆತನಕ್ಕೂ ನಂಟಿತ್ತು. ಲೆಕ್ಕ ಎಂದೂ ಮುಗಿಯುತ್ತಿರಲಿಲ್ಲ, ಆದುದರಿಂದ ಸಂಬಂಧವೂ ಮುಗಿಯುತ್ತಿರಲಿಲ್ಲ. ಆದರೆ ಅಲ್ಲಿ ಮೇಲುಕೀಳಿನ ಮೆಟ್ಟಿಲುಗಳಿದ್ದವು. ಮಾಟದ ಶಂಕೆಯಿಂದ ಕುರುಂಬರು ಪ್ರಾಣವನ್ನೇ ತೆತ್ತ ಪ್ರಸಂಗಗಳಿದ್ದವು. ಸಂತೆಯೂ ಸಂಬಳವೂ ಬಂದು ೨೦ನೆಯ ಶತಮಾನದಲ್ಲಿ ಆ ಕೊಳುಕೊಡೆ ಸಡಿಲವಾದುದು ಕೇವಲ ನಷ್ಟವೆನ್ನಲಾಗದು.

ಆಕ್ಷೇಪವನ್ನು ಒಪ್ಪಿಕೊಂಡೇ ಹೇಳುತ್ತೇವೆ: ಬೆಲೆ ತೀರಿಸಬೇಕಾದುದನ್ನು ಪೂರ್ತಿಯಾಗಿ ತೀರಿಸಲಿ. ಮಾಂಸಕ್ಕೆ, ಇದ್ದಿಲಿಗೆ, ದುಡಿದ ಕೈಗೆ ಚೌಕಾಸಿಯಿಲ್ಲದೆ ಹಣ ಸಲ್ಲಲಿ. ಆದರೆ ಬೆಲೆ ಕಟ್ಟಲು ಬಾರದ ವಸ್ತುವೊಂದು ಆ ತಟ್ಟೆಯಲ್ಲಿದೆ. ಊರು ಬಿಡುವಾಗ ಹೊಲವನ್ನು ತರಲಾಗಲಿಲ್ಲ, ಮನೆಯನ್ನು ತರಲಾಗಲಿಲ್ಲ. ಕೈಯ ಅಳತೆಯಲ್ಲಿ, ನಾಲಗೆಯ ನೆನಪಿನಲ್ಲಿ ಉಳಿದುದಷ್ಟೇ ಗಡಿ ದಾಟಿತು. ಅದನ್ನೇ ಆತ ನಮ್ಮ ಮುಂದೆ ಬಡಿಸುತ್ತಾನೆ. ರವೀಂದ್ರನಾಥ ಠಾಕೂರರು ೧೮೯೨ರಲ್ಲಿ ಬರೆದ ‘ಕಾಬೂಲಿವಾಲಾ’ ಕಥೆಯನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಸೆರೆಮನೆಯಿಂದ ಬಂದ ರಹಮತನು ಮಿನಿಗೆಂದು ತಂದ ದ್ರಾಕ್ಷಿ ಬಾದಾಮಿಗಳಿಗೆ ಅವಳ ತಂದೆ ಹಣ ಕೊಡಹೋದಾಗ ಆತ ಬೇಡವೆನ್ನುತ್ತಾನೆ. ಊರಿನಲ್ಲಿ ತನಗೂ ಅಂಥ ಮಗಳೊಬ್ಬಳಿದ್ದಾಳೆಂದು ಅವಳ ಕೈಯಚ್ಚಿನ ಕಾಗದವನ್ನು ತೆಗೆದು ತೋರಿಸುತ್ತಾನೆ. ದಿನವೂ ಮಾರುವ ಸರಕೇ ಆ ಗಳಿಗೆಯಲ್ಲಿ ಸರಕಾಗಿ ಉಳಿಯಲಿಲ್ಲ. ದಿಲ್ಲಿಯ ಆಫ್ಘನನು ಹಣವನ್ನು ಪಡೆಯುತ್ತಾನೆ, ಪಡೆಯಲೇಬೇಕು. ಹಾಗೆಂದು ಅವನ ಎದೆಯಲ್ಲಿ ಅಂಥ ಕಾಗದವಿಲ್ಲವೆಂದು ತಿಳಿಯುವುದು ಹೇಗೆ?

ರುಚಿಯನ್ನು ಬೆನ್ನಟ್ಟುವ ಕೆಲವರು ಇಲ್ಲಿ ಇನ್ನೊಂದು ತಪ್ಪುದಾರಿಯನ್ನು ಹಿಡಿಯುತ್ತಾರೆ. ಅವರಿಗೆ ‘ಅಪ್ಪಟ’ವಾದುದೇ ಬೇಕು. ದುಂಬಾ ಕುರಿಯ ಬಾಲದ ಕೊಬ್ಬೇ ಏಕಿಲ್ಲ, ಖಾರ ಏಕೆ ಹೆಚ್ಚಾಯಿತು ಎಂದು ಪರೀಕ್ಷಕರಂತೆ ಕೇಳುತ್ತಾರೆ. ಗೋಡಂಬಿ, ಕೆನೆಗಳನ್ನು ಬಳಿದ ಕೋಳಿಗೆ ‘ಆಫ್ಘಾನಿ’ ಎಂದು ಹೆಸರಿಟ್ಟು ಮಾರುವ ಹೋಟೆಲುಗಳಿರುವಾಗ ನಿಜವಾದುದನ್ನು ಅರಸುವುದು ತಪ್ಪಲ್ಲ. ಆದರೆ ಮನೆ ಕಳೆದುಕೊಂಡವನು ತನ್ನ ಅಡಿಗೆಯನ್ನು ನಮ್ಮ ವಿನೋದಕ್ಕಾಗಿ ಕಿಂಚಿತ್ತೂ ಬದಲಿಸದೆ ಕಾಪಾಡಬೇಕೆಂದು ವಿಧಿಸಲು ನಾವು ಯಾರು? ಬದುಕಬೇಕಾದವನು ಸಿಕ್ಕ ಕುರಿಯನ್ನೇ ಸುಡುತ್ತಾನೆ.

ಅಪ್ಪಟವಾದುದು ನಮ್ಮಲ್ಲಾದರೂ ಎಷ್ಟಿದೆ? ೧೮೧೯ರಲ್ಲಿ ಈ ಬೆಟ್ಟವನ್ನೇರಿ ಬಂದ ಜಾನ್ ಸಲಿವನ್ನನು ಉದಕಮಂಡಲದಲ್ಲಿ ಬೆಳೆಸಿದ ಆಲೂಗೆಡ್ಡೆಯ ಮೂಲ ದಕ್ಷಿಣ ಅಮೆರಿಕ. ಚಹದ ಮೂಲ ಚೀನ. ನಮ್ಮ ವರ್ಕಿಯೂ ಬಿಳಿಯರ ಬೇಕರಿಯ ತಿಂಡಿಯಿಂದ ಹುಟ್ಟಿ ಸೌದೆಯ ಒಲೆಯಲ್ಲಿ ನಮ್ಮದಾದುದು. ಕ್ಯಾರೆಟ್ಟೆಂದು ನಾವು ಕರೆಯುವ ಗಜ್ಜರಿಯ ಕಥೆ ಇನ್ನೂ ಸ್ವಾರಸ್ಯವಾಗಿದೆ. ಅದನ್ನು ಮೊದಲು ಬೇಸಾಯಕ್ಕೆ ತಂದುದು ಮಧ್ಯ ಏಷ್ಯದಲ್ಲಿ, ಇಂದಿನ ಆಫ್ಘಾನಿಸ್ಥಾನವನ್ನೂ ಒಳಗೊಂಡ ಸೀಮೆಯಲ್ಲಿ, ಎಂದು ಬಲ್ಲವರು ಹೇಳುತ್ತಾರೆ. ಆಗ ಅದು ಊದಾ ಇಲ್ಲವೆ ಹಳದಿ. ಕಿತ್ತಳೆಯ ಬಣ್ಣ ಬಂದುದು ಯೂರೋಪಿನಲ್ಲಿ. ಅಲ್ಲಿಂದ ಬಿಳಿಯರೊಡನೆ ಹಡಗೇರಿ ನಮ್ಮ ಕೇತಿಯ ಕಣಿವೆಗೆ ಬಂದಿತು. ಕಬಾಬಿನ ಪಕ್ಕದಲ್ಲಿ ಬಡಿಸುವ ಕಾಬೂಲಿ ಪಲಾವಿನ ಮೇಲೆ ಎಳೆಎಳೆಯಾಗಿ ಹೆಚ್ಚಿ ಒಣದ್ರಾಕ್ಷಿಯೊಡನೆ ಹುರಿದು ಹಾಕುವುದು ಇದನ್ನೇ. ಆಫ್ಘನನ ತಟ್ಟೆಯಲ್ಲಿ ನೀಲಗಿರಿಯವನಿಗೆ ಕಾಣುವುದು ತನ್ನ ಹೊಲದ ಬೆಳೆ. ಆ ಬೆಳೆಯ ತವರು ಆಫ್ಘನನದು.

ಬೆಳೆಯ ಮಾತು ಹೀಗಾದರೆ ಬೆಳೆದವರ ಮಾತೇನು? ಬಡಗು ದಿಕ್ಕಿನಿಂದ, ಮೈಸೂರಿನ ಸೀಮೆಯಿಂದ, ಸಂಕಟಕ್ಕೆ ಸಿಲುಕಿ ಬೆಟ್ಟವೇರಿದೆವೆಂದು ಬಡಗರ ಐತಿಹ್ಯವೇ ಸಾರುತ್ತದೆ. ಅವರ ಹೆಸರಿನಲ್ಲಿ ಆ ದಿಕ್ಕಿದೆ, ಅವರ ನುಡಿ ಕನ್ನಡದ ಒಡಹುಟ್ಟು. ಕನ್ನಡಿಗರಾದ ನಾವೂ ಒಂದಲ್ಲ ಒಂದು ಕಾಲದಲ್ಲಿ ಬಂದವರೇ. ೧೯೬೪ರ ಅಕ್ಟೋಬರಿನಲ್ಲಿ ಶಾಸ್ತ್ರಿಯವರೂ ಸಿರಿಮಾವೋ ಅವರೂ ಮಾಡಿಕೊಂಡ ಒಪ್ಪಂದದ ಫಲವಾಗಿ ಸಿಂಹಳದ ತೋಟಗಳಿಂದ ಬಂದ ತಮಿಳು ಕಾರ್ಮಿಕರಿಗಾಗಿ ೧೯೬೮ರಿಂದ ಇಲ್ಲಿ ಸರಕಾರಿ ಚಹದ ತೋಟಗಳು ಎದ್ದವು. ಗೂಡಲೂರಿನ ಕಡೆಯ ಆ ಸಾಲುಮನೆಗಳಲ್ಲಿ ಅವರ ಮೊಮ್ಮಕ್ಕಳಿದ್ದಾರೆ. ‘ನಿನ್ನೆ ಬಂದವರು’ ಎಂಬ ಮಾತು ಅವರ ಕಿವಿಗೆ ಇಂದಿಗೂ ಬೀಳುವುದುಂಟು. ಅವರು ಚಿವುಟಿದ ಎಲೆಯ ಚಹವನ್ನು ಕುಡಿಯುತ್ತಲೇ ಆ ಮಾತನ್ನಾಡುವವರು ನಮ್ಮ ನಡುವೆಯೇ ಇದ್ದಾರೆ. ದಿಲ್ಲಿಯ ಕಬಾಬು ದೂರದ ವಿಷಯವಲ್ಲವೆಂದು ನಾವು ಹೇಳಿದುದು ಇದಕ್ಕಾಗಿಯೇ.

ಹಾಗಾದರೆ ಉಪ್ಪಿನ ಋಣವನ್ನು ತೀರಿಸುವ ಬಗೆ ಯಾವುದು? ಕನಿಕರವಲ್ಲ, ದುಡಿದು ಬದುಕುವವನಿಗೆ ಕನಿಕರ ಅವಮಾನ. ಹೆಚ್ಚಿನ ಕಾಸೂ ಅಲ್ಲ. ಆ ಋಣ ತೀರುವುದು ಸಾಕ್ಷಿಯಿಂದ. ಒಬ್ಬನ ಕೈಯಲ್ಲಿ ಉಂಡವನು ಅವನ ಕೈಯ ಶುಚಿಗೆ, ಅವನ ಮನೆಯ ಮರ್ಯಾದೆಗೆ ಸಾಕ್ಷಿಯಾದನು. ಮುಂದೊಂದು ದಿನ ರೈಲಿನಲ್ಲಿಯೋ ಕಚೇರಿಯಲ್ಲಿಯೋ ಯಾರಾದರೂ ಆ ಜನರೆಲ್ಲ ಹೀಗೆಯೇ ಎಂದು ಒಂದೇ ಏಟಿಗೆ ತೀರ್ಪು ಹೇಳಿದಾಗ, ‘ಹಾಗಲ್ಲ, ನಾವು ಅವರಲ್ಲಿ ಉಂಡಿದ್ದೇವೆ’ ಎನ್ನುವ ಹೊಣೆ ಅವನದು. ಉಂಡ ಬಾಯಿ ಆಗ ಮುಚ್ಚಿಕೊಂಡಿದ್ದರೆ ಅದನ್ನು ಫಾರಸಿಯಿಂದ ಬಂದ ಮಾತಿನಲ್ಲಿ ನಮಕ್ ಹರಾಮೆನ್ನುತ್ತಾರೆ. ನಾವು ಉಂಡ ಮನೆಗೆ ಎರಡು ಬಗೆಯುವುದೆನ್ನುತ್ತೇವೆ. ಭಾಷೆ ಬೇರೆಯಾದರೂ ಎರಡು ನಾಡುಗಳೂ ಈ ಪಾತಕವನ್ನು ಉಪ್ಪಿನ, ಊಟದ ಹೆಸರಿನಿಂದಲೇ ಗುರುತಿಸಿವೆ.

ಬೆಲೆಯನ್ನು ಅಂಗಡಿಯ ಬಾಗಿಲಲ್ಲಿ ತೀರಿಸಿಬರಬಹುದು. ಋಣವನ್ನು ತೀರಿಸಲು ಊರಿಗೆ ಬರಬೇಕು, ನೆರೆಯವನ ಮುಖವನ್ನು ನೋಡಬೇಕು. ಹಿರಿಯರು ‘ಮುಪ್ಪಿನ ತನಕ’ ಎಂದುದು ಅತಿಶಯೋಕ್ತಿಯಲ್ಲ. ಆ ಕೆಲಸಕ್ಕೆ ಅಷ್ಟು ಕಾಲ ಬೇಕು.