ನೊಪ್ಪಿ ಎಟ್ಲುಂದಮ್ಮಾ?

ಕೋಲಾರದ ಹೆರಿಗೆ ವಾರ್ಡಿನಲ್ಲಿ ನೋವಿಗೆ ಎರಡು ಹೆಸರು. ಮಾಲೂರಿನ ಕಡೆಯವಳು ‘ನೋವು’ ಅಂದರೆ, ಆಂಧ್ರದ ಗಡಿಗೆ ಹತ್ತಿರದ ಮುಳಬಾಗಿಲು, ಶ್ರೀನಿವಾಸಪುರದ ಕಡೆಯವಳು ತೆಲುಗಿನಲ್ಲಿ ‘ನೊಪ್ಪಿ’ ಅನ್ನುತ್ತಾಳೆ. ಸಿಸೇರಿಯನ್ ಆದ ರಾತ್ರಿ ಮಾತ್ರ ಎಷ್ಟೋ ಮಂದಿ ಎರಡನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ‘ಸ್ವಲ್ಪ ತಡ್ಕೋಮ್ಮ, ನಾವೆಲ್ಲ ಹೆತ್ತಿಲ್ವಾ’ ಎಂದು ಪಕ್ಕದಲ್ಲಿ ಕೂತ ಅತ್ತೆಯೋ ತಾಯಿಯೋ ತಲೆ ನೇವರಿಸುತ್ತಾರೆ. ಅಕ್ಕರೆಯ ಮಾತೇ ಅದು. ಆದರೆ ಹೊಟ್ಟೆಯ ಪದರಗಳನ್ನೂ ಗರ್ಭಕೋಶವನ್ನೂ ಕೊಯ್ದು ಹೊಲಿದ ಮೈ ಇದು. ಇಷ್ಟು ದೊಡ್ಡ ಆಪರೇಷನ್ ಆದ ಬೇರೆ ಯಾರಿಗೂ ಅಂದೇ ಒಂದು ಕೂಸನ್ನು ಎದೆಗೆ ಹಾಕಿಕೊ ಎನ್ನುವುದಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 31.5ರಷ್ಟು ಹೆರಿಗೆ ಸಿಸೇರಿಯನ್. ಹೆಚ್ಚುಕಡಿಮೆ ಮೂವರಲ್ಲಿ ಒಬ್ಬಳ ರಾತ್ರಿ ಇದು.

ಬೆನ್ನಿಗೆ ಒಂದೇ ಸಲ ಕೊಡುವ ಸ್ಪೈನಲ್ ಇಂಜೆಕ್ಷನ್ನಿನ ಜೋಮು ಎರಡು ಮೂರು ಗಂಟೆಯಲ್ಲಿ ಇಳಿಯುತ್ತದೆ. ಅದರೊಂದಿಗೆ ಅತಿ ಸಣ್ಣ ಪ್ರಮಾಣದ ಮಾರ್ಫಿನ್ ಸೇರಿಸಿದರೆ ಹೊಲಿಗೆಯ ನೋವು ಸುಮಾರು ಒಂದು ದಿನ ಹತೋಟಿಯಲ್ಲಿರುತ್ತದೆ. ಎಪಿಡ್ಯೂರಲ್‌ನಲ್ಲಿ ದಾರದಂಥ ಸಣ್ಣ ನಳಿಕೆಯನ್ನು ಬೆನ್ನುಹುರಿಯ ಹೊದಿಕೆಯ ಹೊರಗೆ ಇರಿಸಿರುತ್ತಾರೆ. ಆಪರೇಷನ್ ಮುಗಿದ ಮೇಲೂ ಅದರಲ್ಲೇ ಮತ್ತೆ ಔಷಧಿ ಕೊಡಬಹುದು. ನೋವು ತಗ್ಗಿದವಳು ಬೇಗ ಎದ್ದು ಓಡಾಡುತ್ತಾಳೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ತಗ್ಗುತ್ತದೆ, ಮಗ್ಗುಲಾಗಿ ಮಗುವಿಗೆ ಹಾಲೂಡಿಸುವುದು ಸುಲಭವಾಗುತ್ತದೆ.

‘ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡರೆ ಜೀವನಪೂರ್ತಿ ಸೊಂಟನೋವು’ ಎಂಬ ಭಯ ನಮ್ಮ ಊರುಗಳಲ್ಲಿ ಗಟ್ಟಿಯಾಗಿ ಕೂತಿದೆ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಕೆಲವರಿಗೆ ತಲೆನೋವು ಬರಬಹುದು. ಬಹುಕಾಲದ ಸೊಂಟನೋವಿಗೆ ಬಸಿರಿನ ಭಾರ, ಬಗ್ಗಿ ಎತ್ತುವ ಕೆಲಸಗಳಂಥ ಕಾರಣಗಳೇ ಹೆಚ್ಚು. ಮಾರ್ಫಿನ್ನಿನಿಂದ ತುರಿಕೆ, ವಾಂತಿ ಆಗುವುದುಂಟು. ಅಪರೂಪಕ್ಕೆ ಉಸಿರು ನಿಧಾನವಾಗುತ್ತದೆ. ಹಾಗಾಗಿ ರಾತ್ರಿಯಿಡೀ ಉಸಿರೆಣಿಸುವ ಸಿಸ್ಟರ್ ಬೇಕು. ನನಗೆ ಕಾಣುವ ನಿಜವಾದ ಕೊರತೆ ಇಲ್ಲೇ. 1985ರ ಮಾದಕವಸ್ತು ಕಾಯ್ದೆಯನ್ನು 2014ರಲ್ಲಿ ತಿದ್ದಿ, ಆಸ್ಪತ್ರೆಗಳಿಗೆ ಮಾರ್ಫಿನ್ ತರಿಸಿಕೊಳ್ಳುವ ದಾರಿಯನ್ನು ಸಲೀಸು ಮಾಡಿದ್ದಾರೆ. ಕಾಯ್ದೆ ತಿದ್ದಿದ ಮಾತ್ರಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಇನ್ನೊಬ್ಬ ಸಿಸ್ಟರ್, ಇನ್ನೊಬ್ಬ ಅರಿವಳಿಕೆ ತಜ್ಞ ಬಂದುಬಿಡುವುದಿಲ್ಲ.

ಅವರು ಬರುವವರೆಗೆ ಏನೂ ಇಲ್ಲವೆಂದಲ್ಲ. ಪ್ಯಾರಸಿಟಮಾಲ್, ಡೈಕ್ಲೋಫೆನಾಕ್ ಅಗ್ಗದವು. ಹಾಲೂಡಿಸುವ ತಾಯಿಗೂ ವೈದ್ಯರು ಕೊಡುತ್ತಾರೆ. ಅವಳು ನರಳಿದಾಗಷ್ಟೇ ಕೊಡುವ ಬದಲು ಗಡಿಯಾರ ನೋಡಿ, ಹೊತ್ತುಹೊತ್ತಿಗೆ ಕೊಟ್ಟರೆ ನೋವು ತಲೆಯೆತ್ತುವ ಮೊದಲೇ ತಗ್ಗುತ್ತದೆ.

ಮತ್ತೆ, ಕೇಳಬೇಕು. ರೌಂಡ್ಸಿಗೆ ಬಂದ ಡಾಕ್ಟರಿಗೆ ‘ಏನಿಲ್ಲ ಸಾರ್’ ಅಂದಿದ್ದ ಒಬ್ಬ ಬಾಣಂತಿಯ ಮಂಚದ ಬಳಿ ವಯಸ್ಸಾದ ಸಿಸ್ಟರೊಬ್ಬರು ಬಗ್ಗಿ, ‘ನೊಪ್ಪಿ ಎಟ್ಲುಂದಮ್ಮಾ?’ (ನೋವು ಹೇಗಿದೆಯಮ್ಮಾ?) ಎಂದು ಅವಳ ಮನೆಮಾತಿನಲ್ಲಿ ಕೇಳಿದ್ದನ್ನು ಕಂಡಿದ್ದೇನೆ. ಆ ಹುಡುಗಿ ಅವರ ಕೈ ಹಿಡಿದು ಹೊಲಿಗೆಯ ಮೇಲಿಟ್ಟುಕೊಂಡು ಅತ್ತುಬಿಟ್ಟಳು.